ಅಬಾರ್ತ್ ಪುಂಟೊವನ್ನು ಬಿಡಬೇಕೇ? ಕೊಡಗಿನ ಘಾಟಿಗಳಲ್ಲಿ ನಾಲ್ಕು ಕಾರುಗಳ ಹೋಲಿಕೆ

ಫಿಯೆಟ್ ಕಂಪನಿಯು ಅಬಾರ್ತ್ ಪುಂಟೊವನ್ನು ಭಾರತದಲ್ಲಿ ಬಿಡುಗಡೆ ಮಾಡಿದ್ದು 2015ರ ಅಕ್ಟೋಬರಿನಲ್ಲಿ. 1,368 ಸಿಸಿಯ ನಾಲ್ಕು ಸಿಲಿಂಡರಿನ ಟಿ-ಜೆಟ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಪೆಟ್ರೋಲ್ ಎಂಜಿನ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಇಷ್ಟೆಲ್ಲವನ್ನೂ ಹತ್ತು ಲಕ್ಷದೊಳಗಿನ ಶೋರೂಮ್ ಬೆಲೆಗೆ ಕೊಡುವ ಹ್ಯಾಚ್‌ಬ್ಯಾಕ್ ಆಗ ಬೇರೊಂದಿರಲಿಲ್ಲ. 2019ರ ಹೊತ್ತಿಗೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ನನ್ನ ಬಳಿ ಇರುವುದು 2016ರ ಕಾರು. ಅದನ್ನು ಕೊಟ್ಟು ಹೊಸದೊಂದನ್ನು ತರಬೇಕೇ ಎಂಬ ಮಾತು ನಮ್ಮ ಮನೆಯಲ್ಲಿ ಕೆಲವು ಮಳೆಗಾಲಗಳಿಂದ ನಡೆಯುತ್ತಲೇ ಇದ್ದುದರಿಂದ, ಅದರ ಜಾಗಕ್ಕೆ ಬರಬಹುದಾದ ಮೂರು ಕಾರುಗಳನ್ನು, ಅಂದರೆ ಟಾಟಾ ಆಲ್ಟ್ರೋಜ್ ರೇಸರ್, ಹ್ಯುಂಡೈ ಐ20 ಎನ್ ಲೈನ್ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ 1.5 ಜಿಟಿಯನ್ನು, ನಾನು ದಿನನಿತ್ಯ ಓಡಾಡುವ ರಸ್ತೆಗಳಲ್ಲಿಯೇ ಓಡಿಸಿ ನೋಡಿದೆ. ಮೂರೂ ಕೈಯಲ್ಲೇ ಗೇರ್ ಹಾಕುವ ಕಾರುಗಳು. ಶೋರೂಮಿನವರು ಪೇಟೆಯೊಳಗೆ ಒಂದು ಸುತ್ತು ಹೊಡೆಸುವ ಟೆಸ್ಟ್ ಡ್ರೈವಿನಿಂದ ಇಂತಹ ಕಾರಿನ ಬಗ್ಗೆ ಏನೂ ತಿಳಿಯುವುದಿಲ್ಲವಾದ್ದರಿಂದ ನೆಂಟರ ಮತ್ತು ಸ್ನೇಹಿತರ ಕಾರುಗಳನ್ನೇ ಕೇಳಿ ಪಡೆದೆ. ಕೊಟ್ಟವರ ದೊಡ್ಡ ಮನಸ್ಸಿಗೆ ನಾನು ಋಣಿ.

ಕೊಡಗಿನಲ್ಲಿ ರೈಲು ಇಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದರೂ ಮೈಸೂರಿನಿಂದ ಮಕ್ಕಳನ್ನು ಕರೆತರಬೇಕಾದರೂ ರಸ್ತೆಯೇ ಗತಿ, ಆ ರಸ್ತೆಯಲ್ಲಿ ನೇರ ಎಂಬುದು ಕಡಿಮೆ. ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡುಗಳನ್ನು ದಾಟಿ ಸಂಪಾಜೆಗೆ ಇಳಿಯುವ ಘಾಟಿಯನ್ನೂ, ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನೊಳಗೆ ಕೇರಳದ ಗಡಿಗೆ ಇಳಿಯುವ ದಾರಿಯನ್ನೂ ನಾನು ಈ ಹೋಲಿಕೆಗೆ ಆರಿಸಿಕೊಂಡೆ. ಇಂತಹ ಎತ್ತರದಲ್ಲಿ ಟರ್ಬೊ ಇಲ್ಲದ ಎಂಜಿನ್ನುಗಳು ಗಾಳಿಯ ಸಾಂದ್ರತೆ ಕುಗ್ಗುವುದರಿಂದ ಸುಮಾರು ಹತ್ತನೆಯ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತವೆ, ಟರ್ಬೊ ಇರುವವು ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತವೆ. ನಾನು ಟರ್ಬೊ ಎಂಜಿನ್ನುಗಳನ್ನಷ್ಟೇ ಪರಿಗಣಿಸಲು ಇದೇ ಕಾರಣ. ಸೊನ್ನೆಯಿಂದ ನೂರು ಮುಟ್ಟಲು ಎಷ್ಟು ಸೆಕೆಂಡು ಎಂಬ ಲೆಕ್ಕ ನಮಗೆ ಉಪಯೋಗಕ್ಕೆ ಬಾರದು. ಎರಡನೆಯ ಮತ್ತು ಮೂರನೆಯ ಗೇರಿನಲ್ಲಿ 2,000ದಿಂದ 4,500 ಆರ್‌ಪಿಎಂವರೆಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಎಂಜಿನ್ ಹೇಗೆ ನಡೆದುಕೊಳ್ಳುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದಾಗ ಕಾರನ್ನು ಎಷ್ಟು ಹಿಡಿಯುತ್ತದೆ ಎಂಬುದೇ ಇಲ್ಲಿ ಮುಖ್ಯ.

ಮೊದಲು ನನ್ನ ಕಾರಿನ ವಿಷಯ. ಜೋಡುಪಾಲದಿಂದ ಮೇಲಕ್ಕೆ ಬರುವಾಗ ಸಿಗುವ ಕಡಿದಾದ ತಿರುವುಗಳಲ್ಲಿ ಅಬಾರ್ತನ್ನು ಎರಡನೆಯ ಗೇರಿಗೆ ಇಳಿಸಿ, ತಿರುವಿನ ನಡುಭಾಗದಲ್ಲಿ ಎಕ್ಸಲರೇಟರ್ ಒತ್ತಿದರೆ ಮೊದಲ ಕ್ಷಣ ಏನೂ ಆಗುವುದಿಲ್ಲ. 2,000 ಆರ್‌ಪಿಎಂ ದಾಟಿತೋ, ಟರ್ಬೊದ ಸಿಳ್ಳು ಕೇಳಿಸುತ್ತದೆ, ಸ್ಟೀರಿಂಗ್ ಅಂಗೈಯಲ್ಲಿ ಸಣ್ಣಗೆ ಎಳೆಯುತ್ತದೆ, ಕಾರು ಒಮ್ಮೆಲೇ ಮುನ್ನುಗ್ಗುತ್ತದೆ. ಆ ಎಳೆತವನ್ನು ದೋಷವೆನ್ನುವವರಿದ್ದಾರೆ. ನನಗೆ ಅದು ಮುಂಚಕ್ರಗಳು ಎಷ್ಟು ಹಿಡಿತದಲ್ಲಿವೆ ಎಂಬ ಸುದ್ದಿ. ಇದರ ಸ್ಟೀರಿಂಗ್ ಹೈಡ್ರಾಲಿಕ್ ಬಗೆಯದು, ಇಂದಿನ ಹೊಸ ಕಾರುಗಳಲ್ಲಿ ಇರುವ ವಿದ್ಯುತ್ ಸ್ಟೀರಿಂಗಿಗಿಂತ ಭಾರ, ಪೇಟೆಯಲ್ಲಿ ಪಾರ್ಕ್ ಮಾಡುವಾಗ ತೋಳಿಗೆ ಕೆಲಸ. ಆದರೆ ಒದ್ದೆ ಎಲೆಗಳ ಮೇಲೆ ಚಕ್ರ ಹಾದಾಗ ಹಿಡಿ ಹಗುರಾಗುವುದು, ಮರಳು ಹರಿದಿರುವ ಕಡೆ ಹಿಡಿಯಲ್ಲಿ ಬರುವ ಸಣ್ಣ ನಡುಕ, ಇವನ್ನು ಕಣ್ಣು ಕಾಣುವ ಮೊದಲೇ ಕೈ ತಿಳಿಯುತ್ತದೆ. 4,000ದ ಆಚೆ ಈ ಎಂಜಿನ್ನಿನ ದನಿ ಒರಟಾಗಿ ಏರುತ್ತದೆ, ಆದರೆ ಕೀರಲಾಗುವುದಿಲ್ಲ. ಇಳಿಯುವಾಗ ಎರಡನೆಯ ಗೇರಿನಲ್ಲಿ ಕಾಲು ತೆಗೆದರೆ ಸಾಕು, ಬ್ರೇಕಿಗೆ ಕೆಲಸವೇ ಕಡಿಮೆ.

ಕುಂದುಗಳೂ ಸಣ್ಣವಲ್ಲ. ಗೇರುಗಳು ಐದೇ ಆದ್ದರಿಂದ ಹುಣಸೂರಿನಿಂದ ಮೈಸೂರಿಗೆ ಹೋಗುವ ನೇರ ರಸ್ತೆಯಲ್ಲಿ ಎಂಜಿನ್ ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತಿರುತ್ತದೆ, ಪೆಟ್ರೋಲನ್ನೂ ಅಷ್ಟೇ ಕುಡಿಯುತ್ತದೆ. ಎಡಗಾಲನ್ನು ಇಡಲು ಸರಿಯಾದ ಜಾಗವಿಲ್ಲ. ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್ ಮಾತ್ರ; ಮುಖ್ಯರಸ್ತೆಯಿಂದ ತೋಟದ ಮನೆಗೆ ಇಳಿಯುವ ದಾರಿಯಲ್ಲಿ ಮಳೆನೀರು ಕೊರೆದ ಚರಂಡಿಗಳನ್ನು ಓರೆಯಾಗಿ ದಾಟದಿದ್ದರೆ ಅಡಿ ತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೂ ಜಾರುವ ಕಾರನ್ನು ದಾರಿಗೆ ತರುವ ಇಎಸ್‌ಪಿ ಇಲ್ಲದಿರುವುದು. ಇದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಆಲ್ಟ್ರೋಜ್ ರೇಸರ್ 2024ರ ಜೂನಿನಲ್ಲಿ 9.49 ಲಕ್ಷದ ಆರಂಭಿಕ ಬೆಲೆಗೆ ಬಂದಿತು, ನಾನು ಓಡಿಸಿದ್ದು ಆ ಮಾದರಿಯನ್ನೇ. ಮೂರು ಸಿಲಿಂಡರಿನ 1.2 ಲೀಟರ್ ಟರ್ಬೊ, 120 ಅಶ್ವಶಕ್ತಿ, 170 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರು. ಮಾಕುಟ್ಟದ ಕಿತ್ತುಹೋದ ರಸ್ತೆಯಲ್ಲಿ ನಾಲ್ಕೂ ಕಾರುಗಳ ಪೈಕಿ ನೆಮ್ಮದಿಯಾಗಿ ಹೋದದ್ದು ಇದೇ. ಗುಂಡಿಯ ಪೆಟ್ಟನ್ನು ಇದರ ಸಸ್ಪೆನ್ಷನ್ ಒಳಗೇ ನುಂಗಿಕೊಳ್ಳುತ್ತದೆ, ಬಾಗಿಲು ಮುಚ್ಚುವ ಸದ್ದಿನಿಂದಲೇ ಮೈಕಟ್ಟು ಗಟ್ಟಿ ಎಂದು ತಿಳಿಯುತ್ತದೆ. ಗಾಳಿಯಾಡುವ ಮುಂದಿನ ಸೀಟುಗಳು ಮಾರ್ಚ್ ತಿಂಗಳಿನಲ್ಲಿ ಸಂಪಾಜೆ ಕೆಳಗಿನ ಸೆಕೆಗೆ ಸುಖವೇ. ಎಂಜಿನ್ನಿನ ವಿಷಯದಲ್ಲಿ ಮಾತ್ರ ನನಗೆ ತೃಪ್ತಿಯಾಗಲಿಲ್ಲ. ಎಳೆತ ಸಾಕಷ್ಟಿದೆ, ಆದರೆ ಅದು ಎಲ್ಲಿಂದ ಎಲ್ಲಿಯವರೆಗೂ ಒಂದೇ ಸಮ. ಮೇಲಕ್ಕೆ ಏರಿಸಿದರೆ ಸದ್ದು ಹೆಚ್ಚುತ್ತದೆ, ಉತ್ಸಾಹ ಹೆಚ್ಚುವುದಿಲ್ಲ. ಎಕ್ಸಾಸ್ಟಿನ ದನಿಯನ್ನು ತಯಾರಕರು ಶ್ರಮವಹಿಸಿ ತಿದ್ದಿದ್ದಾರೆ, ಹೊರಗೆ ನಿಂತು ಕೇಳುವವರಿಗೆ ಅದು ಹಿತವಾಗಿಯೂ ಇದೆ. ತಿರುವಿನಿಂದ ತಿರುವಿಗೆ ಗೇರು ಬದಲಿಸುತ್ತ ಹೋಗುವವನಿಗೆ ಬೇಕಾದ ಚುರುಕು ಗೇರ್ ಲಿವರಿನಲ್ಲಿಯೂ ಇಲ್ಲ.

ಇಲ್ಲಿ ಸಿಲಿಂಡರುಗಳ ಲೆಕ್ಕವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಎಂಜಿನ್ನಿನ ಗುಣ ಎಂದು ನಾವು ಕರೆಯುವುದರ ಬೇರು ಬಹುಪಾಲು ಅಲ್ಲಿಯೇ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಪ್ರತಿ 180 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರಿನಲ್ಲಿ ಇಂಧನ ಉರಿಯುತ್ತದೆ, ಮೂರು ಸಿಲಿಂಡರಿನದರಲ್ಲಿ 240 ಡಿಗ್ರಿಗೊಮ್ಮೆ. ನಡುವಿನ ಆ ಬಿಡುವನ್ನು ಏರಿನಲ್ಲಿ ಕಡಿಮೆ ವೇಗದಲ್ಲಿ ಹೋಗುವಾಗ ಪೆಡಲಿನಲ್ಲಿ, ಸೀಟಿನಲ್ಲಿ, ಕನ್ನಡಿಯ ನಡುಕದಲ್ಲಿ ಕಾಣಬಹುದು. ಮೂರು ಸಿಲಿಂಡರಿನದು ಕೀಳು ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ತನ್ನದೇ ಆದ ಗುರುಗುಟ್ಟುವ ದನಿಯಿದೆ, ಇಂಧನದ ಉಳಿತಾಯವಿದೆ. ಆದರೆ ಹತ್ತು ವರ್ಷ ಟಿ-ಜೆಟ್ ಓಡಿಸಿದ ಕಿವಿಗೆ ಆ ಲಯ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಹಾಗೆ ಹೇಳಿದ ಮೇಲೂ ಐ20 ಎನ್ ಲೈನ್ ನನ್ನ ಅಭಿಪ್ರಾಯವನ್ನು ಅರ್ಧ ಬದಲಿಸಿತು. ಇದರದ್ದೂ ಮೂರೇ ಸಿಲಿಂಡರ್, ಅದೂ 998 ಸಿಸಿ, 120 ಅಶ್ವಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್. 2021ರಲ್ಲಿ ಬಂದಾಗ ಇದಕ್ಕೆ ಕ್ಲಚ್ ಪೆಡಲಿಲ್ಲದ ಐಎಂಟಿ ಗೇರ್‌ಬಾಕ್ಸ್ ಇತ್ತು. 2023ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದು ಆರು ಗೇರಿನ ಮಾಮೂಲಿ ಮ್ಯಾನುಯಲ್ ಕೊಟ್ಟರು. ಈ ಒಂದು ಬದಲಾವಣೆಯಿಂದ ಕಾರು ಓಡಿಸುವವರ ಕಾರಾಯಿತು. ಲಿವರಿನ ಚಲನೆ ಚಿಕ್ಕದು, ಕ್ಲಚ್ ಹಗುರ, ಎಂಜಿನ್ 1,500ರಲ್ಲಿಯೇ ಎಳೆಯತೊಡಗುತ್ತದೆ. ಅಬಾರ್ತ್ ಎರಡನೆಯ ಗೇರಿನಲ್ಲಿ ಉಸಿರು ಹಿಡಿದು ಕಾಯುವ ತಿರುವಿನಲ್ಲಿ ಇದು ಆಗಲೇ ಹೊರಟಿರುತ್ತದೆ. ಮಾಮೂಲಿ ಐ20ಗಿಂತ ಸಸ್ಪೆನ್ಷನ್ ಬಿಗಿ ಮಾಡಿದ್ದಾರೆ, ಹಿಂದಿನ ಚಕ್ರಗಳಿಗೂ ಡಿಸ್ಕ್ ಕೊಟ್ಟಿದ್ದಾರೆ. ಆ ಡಿಸ್ಕುಗಳ ಅಗತ್ಯವೂ ಇದೆ, ಏಕೆಂದರೆ ಚಿಕ್ಕ ಎಂಜಿನ್ ಇಳಿಜಾರಿನಲ್ಲಿ ಕಾರನ್ನು ಅಷ್ಟಾಗಿ ಹಿಡಿಯುವುದಿಲ್ಲ. ದೇವರಕೊಲ್ಲಿಯ ಹತ್ತಿರ ಲಾರಿಗಳ ಹಿಂದೆ ಇಳಿಯುವಾಗ ಅಬಾರ್ತಿನಲ್ಲಿ ಮುಟ್ಟದ ಬ್ರೇಕನ್ನು ಇದರಲ್ಲಿ ಮತ್ತೆ ಮತ್ತೆ ಮುಟ್ಟಬೇಕಾಯಿತು. ಸ್ಟೀರಿಂಗ್ ನಿಖರವಾಗಿದೆ, ಆದರೆ ರಸ್ತೆಯ ಸುದ್ದಿಯನ್ನು ಹೇಳುವುದಿಲ್ಲ. 5,000ದ ಮೇಲೆ ಎಂಜಿನ್ ಸೋಲುತ್ತದೆ. ಅಲ್ಲಿಗೆ ಹೋಗಬೇಕಾದ ಸಂದರ್ಭವೂ ಈ ರಸ್ತೆಗಳಲ್ಲಿ ಕಡಿಮೆಯೇ.

ವರ್ಟಸ್ ಹ್ಯಾಚ್‌ಬ್ಯಾಕ್ ಅಲ್ಲ, ಡಿಕ್ಕಿ ಇರುವ ಸೆಡಾನ್. ಆದರೂ ಎಂಜಿನ್ನಿನ ದೃಷ್ಟಿಯಿಂದ ಅಬಾರ್ತಿಗೆ ನಿಜವಾದ ವಾರಸುದಾರ ಯಾರು ಎಂದು ಹುಡುಕಿದರೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಾಲ್ಕು ಸಿಲಿಂಡರಿನ 1.5 ಟಿಎಸ್‌ಐ, 150 ಅಶ್ವಶಕ್ತಿ, 1,600 ಆರ್‌ಪಿಎಂನಿಂದಲೇ 250 ನ್ಯೂಟನ್ ಮೀಟರ್ ಟಾರ್ಕ್. ಅಬಾರ್ತಿಗೆ ಎರಡನೆಯ ಗೇರ್ ಬೇಕಾಗುವ ಏರನ್ನು ಇದು ಮೂರನೆಯದರಲ್ಲಿ ಸದ್ದಿಲ್ಲದೆ ಏರುತ್ತದೆ. ಮಡಿಕೇರಿಯಿಂದ ಸುಂಟಿಕೊಪ್ಪ ದಾಟಿ ಕುಶಾಲನಗರದ ಬಯಲಿಗೆ ಇಳಿದ ಮೇಲೆ ಕಾಲು ಹಗುರವಾಗಿಟ್ಟರೆ ಎರಡು ಸಿಲಿಂಡರುಗಳನ್ನು ತಾನೇ ಮುಚ್ಚಿಕೊಂಡು ಪೆಟ್ರೋಲ್ ಉಳಿಸುತ್ತದೆ, ಅದು ಮುಚ್ಚಿದ್ದೂ ತೆರೆದದ್ದೂ ಕಾಲಿಗೆ ತಿಳಿಯುವುದಿಲ್ಲ. ಗ್ರೌಂಡ್ ಕ್ಲಿಯರೆನ್ಸ್ 179 ಮಿಲಿಮೀಟರ್ ಇರುವುದರಿಂದ ತೋಟದ ದಾರಿಯ ಚಿಂತೆಯೂ ಕಡಿಮೆ. ನಾನು ಓಡಿಸಿದ ಕಾರಿನ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದುದು, ಇಷ್ಟು ಶಕ್ತಿಯ ಕಾರಿಗೆ, ನನಗೆ ಒಪ್ಪಿಗೆಯಾಗಲಿಲ್ಲ. 4,561 ಮಿಲಿಮೀಟರ್ ಉದ್ದದ ಮೈಯನ್ನು ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳ ಪಕ್ಕದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಿಸಲು ಆಗುವುದಿಲ್ಲ, ಹಿಂದೆ ಮುಂದೆ ಮಾಡಬೇಕು. ಹೀಗಿದ್ದೂ ಒಟ್ಟಾರೆ ಸಾಮರ್ಥ್ಯದಲ್ಲಿ ಇದು ನಾಲ್ಕರಲ್ಲಿ ಮೊದಲನೆಯದು, ಅಬಾರ್ತಿಗಿಂತಲೂ ಮೇಲು. ಅದರ ಚುಕ್ಕಾಣಿ ಹಿಡಿದು ಇಳಿದಾಗ ನನಗೆ ಗೌರವ ಹುಟ್ಟಿತು. ಕಾರಣವಿಲ್ಲದೆ ಮತ್ತೊಂದು ಸುತ್ತು ಹೋಗಿಬರಬೇಕೆಂಬ ಆಸೆ ಮಾತ್ರ ಹುಟ್ಟಲಿಲ್ಲ. ಅಬಾರ್ತ್ ಆ ಆಸೆಯನ್ನು ಇಂದಿಗೂ ಹುಟ್ಟಿಸುತ್ತದೆ.

ಈಗ ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ರಸ್ತೆ ಬೇರೆಯೇ ರಸ್ತೆ. ಮಂಜಿನಲ್ಲಿ ಹಳದಿ ಗೆರೆ ಕಾಣುವುದಿಲ್ಲ, ಬರೆಯಿಂದ ಕೆಸರು ಹರಿದು ಬಂದಿರುತ್ತದೆ, ಸಿಲ್ವರ್ ಓಕ್ ಎಲೆಗಳು ತಿರುವಿನ ಒಳಮೈಯಲ್ಲಿ ದಪ್ಪಗೆ ಕೂತಿರುತ್ತವೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ದಾರಿಯೇ ಮುಚ್ಚಿಹೋದದ್ದನ್ನು ಕಂಡವರಿಗೆ ಈ ಘಾಟಿಯ ಮಳೆಗಾಲವನ್ನು ವಿವರಿಸಬೇಕಾಗಿಲ್ಲ. ಇಎಸ್‌ಪಿ ಎಂಬ ವ್ಯವಸ್ಥೆ ಸ್ಟೀರಿಂಗ್ ತೋರಿಸಿದ ದಿಕ್ಕಿಗೂ ಕಾರು ಹೋಗುತ್ತಿರುವ ದಿಕ್ಕಿಗೂ ವ್ಯತ್ಯಾಸ ಕಂಡ ಕ್ಷಣದಲ್ಲಿ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ಕಾರನ್ನು ದಾರಿಗೆ ತರುತ್ತದೆ. ಒದ್ದೆ ರಸ್ತೆಯಲ್ಲಿ ಐ20ಯನ್ನು ಓಡಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಮಿನುಗಿದ್ದನ್ನು, ಜಾರತೊಡಗಿದ ಮುಂಚಕ್ರ ಅದೇ ಕ್ಷಣ ಹಿಡಿತಕ್ಕೆ ಮರಳಿದ್ದನ್ನು ನಾನು ಗಮನವಿಟ್ಟು ನೋಡಿದೆ. ಹೊಸ ಕಾರುಗಳು ಮೂರರಲ್ಲೂ ಇದು ಇದೆ, ಅಬಾರ್ತಿನಲ್ಲಿ ಇದೆಲ್ಲ ಓಡಿಸುವವನ ಕಾಲಿನ ಜವಾಬ್ದಾರಿ. ನನ್ನ ಕಾಲನ್ನು ನಾನು ನಂಬಬಲ್ಲೆ. ಆದರೆ ಮಗಳು ಈಗಷ್ಟೇ ಲೈಸೆನ್ಸ್ ಪಡೆದಿದ್ದಾಳೆ. "ಅಪ್ಪ, ನಿಮ್ಮ ಕಾರು ನನ್ನನ್ನು ಪರೀಕ್ಷೆ ಮಾಡುತ್ತದೆ, ಇದು ನನಗೆ ಹೇಳಿಕೊಡುತ್ತದೆ" ಎಂದು ಐ20 ಓಡಿಸಿದ ಮೇಲೆ ಅವಳು ಅಂದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೊಸ ಚಾಲಕರನ್ನು ಜುಲೈ ತಿಂಗಳಲ್ಲಿ ಇಎಸ್‌ಪಿ ಇಲ್ಲದ 145 ಅಶ್ವಶಕ್ತಿಯ ಕಾರಿನಲ್ಲಿ ಘಾಟಿಗೆ ಕಳುಹಿಸುವುದು ಸರಿಯಲ್ಲ.

ಬಿಡಿಭಾಗಗಳ ಮಾತಿಗೆ ಬಂದರೆ, ಡೀಸೆಲ್ ಪುಂಟೊ ಇರುವವರು ಅದೃಷ್ಟವಂತರು. ಅದೇ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟಿನಲ್ಲಿಯೂ ಇದ್ದುದರಿಂದ ಅದರ ಸಾಮಾನು ಗೋಣಿಕೊಪ್ಪಲಿನಲ್ಲಿಯೂ ಸಿಗುತ್ತದೆ. ಟಿ-ಜೆಟ್ಟಿಗೆ ಆ ಅನುಕೂಲವಿಲ್ಲ, ಲಿನಿಯಾ ಟಿ-ಜೆಟ್‌ನಂತಹ ಕೆಲವೇ ಕಾರುಗಳಲ್ಲಿ ಬಂದ ಎಂಜಿನ್ ಅದು. ವಾಲ್ವು, ಪಿಸ್ಟನ್ನುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಅದರ ಟೈಮಿಂಗ್ ಬೆಲ್ಟ್ ರಬ್ಬರಿನದು. ಓಡುತ್ತಿರುವಾಗ ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಕವರ್ ಬಿಚ್ಚಿ ತೋರಿಸಿದ ಮೆಕ್ಯಾನಿಕ್, "ಕಣ್ಣಿಗೆ ಚೆನ್ನಾಗೇ ಕಾಣುತ್ತೆ ಸಾರ್, ಆದರೆ ವಯಸ್ಸಾಗಿದೆ, ಕಿಲೋಮೀಟರ್ ನೋಡಬೇಡಿ" ಎಂದರು. ಬೆಲ್ಟಿನ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂತಹ ಬಿರುಕುಗಳನ್ನು ಅವರು ಬಗ್ಗಿಸಿ ತೋರಿಸಿದಾಗ ಮಾತಿನ ತೂಕ ತಿಳಿಯಿತು. ಪೆಟ್ರೋಲಿನ ಪ್ರಶ್ನೆಯೂ ಇದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಹೊಸ ಕಾರುಗಳ ಪೈಪು, ಸೀಲುಗಳು ಅದಕ್ಕೆ ತಕ್ಕಂತೆ ತಯಾರಾಗಿವೆ, 2016ರ ಕಾರಿನವು ಅಲ್ಲ. ಹಾಗಾಗಿ ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲಿಯೂ ಮುಟ್ಟಿ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಹಣದ ಲೆಕ್ಕ ಬೇಗ ಮುಗಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇಕಡಾ 18 ಆಯಿತು. ಐ20 ಮತ್ತು ಆಲ್ಟ್ರೋಜ್ ಈ ಗುಂಪಿನವು, ವರ್ಟಸ್ ಶೇಕಡಾ 40ರ ಗುಂಪಿನದು. ಅದರ ಮೇಲೆ ರಾಜ್ಯದ ಲೈಫ್ ಟ್ಯಾಕ್ಸ್ ಬೆಲೆಯೊಂದಿಗೆ ಏರುತ್ತದೆ. ಅಬಾರ್ತನ್ನು ಮಾರಿದರೆ ಬರುವ ಹಣ ಈ ಯಾವ ಕಾರಿನ ಬೆಲೆಗೂ ಹೇಳಿಕೊಳ್ಳುವಂತಹ ಆಸರೆಯಾಗುವುದಿಲ್ಲ.

ಆದ್ದರಿಂದ ನಾವು ತೀರ್ಮಾನಿಸಿದ್ದು ಹೀಗೆ. ಮನೆಯ ಕಾರಾಗಿ, ಮುಖ್ಯವಾಗಿ ಮಳೆಗಾಲದ ಮತ್ತು ಮಗಳ ಕಾರಾಗಿ, ಐ20 ಎನ್ ಲೈನ್ ಮ್ಯಾನುಯಲ್ ಬರುತ್ತದೆ. ಒಂದೇ ಕಾರು ಇಡಬಲ್ಲ, ಆದರೆ ಬೆಲೆಯ ಚಿಂತೆಯಿಲ್ಲದ ಮತ್ತು ಮನೆಯ ದಾರಿ ಅಗಲವಾಗಿರುವ ಕೊಡಗಿನವರು ಕೇಳಿದರೆ ನಾನು ವರ್ಟಸ್ ಎನ್ನುತ್ತೇನೆ. ರಸ್ತೆಯೇ ಇಲ್ಲದಂತಹ ಊರಿನವರು, ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವವರು ಆಲ್ಟ್ರೋಜ್ ನೋಡಲಿ. ಅಬಾರ್ತ್ ನಮ್ಮಲ್ಲಿಯೇ ಉಳಿಯುತ್ತದೆ, ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯಿಂದ ಮೊದಲ ಮುಂಗಾರಿನವರೆಗಿನ ಒಣ ತಿಂಗಳುಗಳಿಗೆ. ಹೊಸ ಟೈಮಿಂಗ್ ಬೆಲ್ಟ್, ಟೆನ್ಷನರ್ ಮತ್ತು ವಾಟರ್ ಪಂಪ್ ಒಟ್ಟಿಗೇ ಹಾಕಿಸಿದ್ದೇನೆ, ಇನ್ನೊಂದು ಸೆಟ್ ತರಿಸಿ ಮನೆಯಲ್ಲಿಟ್ಟಿದ್ದೇನೆ. ಇದರ ನೋಂದಣಿ 2031ರವರೆಗೆ ಇದೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಟರ್ಬೊ ಅಥವಾ ಎಂಜಿನ್ ಕಂಪ್ಯೂಟರ್ ಕೆಟ್ಟು, ದೇಶದಲ್ಲಿ ಎಲ್ಲಿಯೂ ಬದಲಿ ಸಿಗದ ದಿನ ಬಂದರೆ ಮಾತ್ರ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುತ್ತೇನೆ.