ಕ್ಯಾಂಪರ್ ಟ್ರೈಲರ್‌ಗೆ ಮಾಡಿದ 12 ವೋಲ್ಟ್ ವೈರಿಂಗ್: ವರ್ಷಗಟ್ಟಲೆ ಬಳಸಿದ ಮೇಲೆ

ಮೆಲ್ಬರ್ನ್‌ನಲ್ಲಿದ್ದೇವೆ. ಹಳೇ ಬಾಕ್ಸ್ ಟ್ರೈಲರ್ ಒಂದನ್ನು ಕ್ಯಾಂಪರ್ (ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ) ಮಾಡಿಕೊಂಡು 2021ರಿಂದ ಸುತ್ತುತ್ತಿದ್ದೇವೆ. 12 ವೋಲ್ಟ್ ವೈರಿಂಗ್ ಪೂರ್ತಿ ನಾನೇ ಮಾಡಿದ್ದು. 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಓಡುವ ಕಾರಿನಿಂದ ಅದನ್ನು 25 ಆಂಪ್ ವರೆಗೆ ತುಂಬುವ ರೆಡಾರ್ಕ್ ಬಿಸಿಡಿಸಿ 1225ಡಿ ಚಾರ್ಜರ್, ಬ್ಯಾಟರಿಯ ಲೆಕ್ಕ ಇಡುವ ವಿಕ್ಟ್ರಾನ್ ಸ್ಮಾರ್ಟ್‌ಶಂಟ್, ಮಡಚುವ 200 ವಾಟ್ ಸೋಲಾರ್ ಪ್ಯಾನೆಲ್, 1200 ವಾಟ್ ಇನ್ವರ್ಟರ್. ಸಿಕ್ಕವರೆಲ್ಲ ಮೊದಲು ಬ್ಯಾಟರಿ ಯಾವುದು ಅಂತ ಕೇಳುತ್ತಾರೆ. ಇಷ್ಟು ವರ್ಷ ಬಳಸಿದ ಮೇಲೆ ನನಗೆ ಕೇಬಲ್ ಬಗ್ಗೆನೇ ಜಾಸ್ತಿ ಹೇಳಬೇಕು ಅನಿಸುತ್ತದೆ.

ಇಲ್ಲಿನ ಅಂಗಡಿಗಳಲ್ಲಿ "6 ಎಂಎಂ ಆಟೋ ಕೇಬಲ್" ಅಂತ ಮಾರುತ್ತಾರೆ. ಆ 6 ಎಂಎಂ ಅನ್ನೋದು ಮೇಲಿನ ಪ್ಲಾಸ್ಟಿಕ್ಕೂ ಸೇರಿದ ದಪ್ಪ. ಒಳಗಿರುವ ತಾಮ್ರ ಸುಮಾರು 4.6 ಚದರ ಎಂಎಂ ಅಷ್ಟೇ. ಕಾರಿನ ಬ್ಯಾಟರಿ ಮುಂದೆ, ಟ್ರೈಲರ್ ಹಿಂದೆ. ಒಂದು ಕಡೆಗೆ 7 ಮೀಟರ್ ಅಂದರೆ ಹೋಗಿ ಬರೋದಕ್ಕೆ 14 ಮೀಟರ್. ಅದರಲ್ಲಿ 25 ಆಂಪ್ ಹರಿದರೆ ದಾರಿಯಲ್ಲೇ 1.3 ವೋಲ್ಟ್ ಕಳೆದುಹೋಗುತ್ತದೆ. ನಾನು ಹಾಕಿರೋದು 6 ಬಿ ಆಂಡ್ ಎಸ್ (ತಂತಿಯ ದಪ್ಪ ಹೇಳುವ ಇನ್ನೊಂದು ಅಳತೆ) ಕೇಬಲ್, 13 ಚದರ ಎಂಎಂಗಿಂತ ಸ್ವಲ್ಪ ಜಾಸ್ತಿ. ಇದರಲ್ಲಿ ಅರ್ಧ ವೋಲ್ಟ್ ಕೂಡ ಬೀಳಲ್ಲ. ಬೆಲೆ ಜಾಸ್ತಿ, ಬಗ್ಗಿಸೋಕೂ ಕಷ್ಟ. ಆದರೂ ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಎರಡೂ ತುದಿಗೆ 40 ಆಂಪ್ ಫ್ಯೂಸ್ ಬೇಕೇ ಬೇಕು, ಯಾಕಂದರೆ ಎರಡೂ ಕಡೆ ಬ್ಯಾಟರಿ ಇದೆ.

ಕಾರಿಗೂ ಟ್ರೈಲರ್‌ಗೂ ನಡುವೆ 50 ಆಂಪ್ ಆಂಡರ್ಸನ್ ಪ್ಲಗ್. ನನಗೆ ಒಂದು ಕಿಟ್ ಜೊತೆ ಬಂದಿದ್ದು ನಕಲಿ. ಒಂದು ಬೇಸಿಗೆ ಮುಗಿಯೋದರೊಳಗೆ ಒಳಗಿನ ತಗಡು ಕಪ್ಪಾಗಿ, ಬೂದು ಬಣ್ಣದ ಮೈ ಒಂದು ಮೂಲೆಯಲ್ಲಿ ಮೇಣದ ಹಾಗೆ ಇಳಿದಿತ್ತು. ಅಸಲಿ ಪ್ಲಗ್ ಹಾಕಿದ ಮೇಲೆ ಮೂರು ಗಂಟೆ ಓಡಿಸಿ ಇಳಿದು ಮುಟ್ಟಿದರೂ ಸುಮ್ನೆ ಬೆಚ್ಚಗಿರುತ್ತದೆ. ಧೂಳಿನ ಮುಚ್ಚಳವನ್ನೂ ತಗೊಳ್ಳಿ. ಕಡಲ ದಂಡೆಯ ಗ್ರೇಟ್ ಓಷನ್ ರೋಡ್ ಕಡೆ ಹೋಗುವವರು ತವರ ಲೇಪಿಸಿದ ತಾಮ್ರದ ಕೇಬಲ್ಲೇ ಹಾಕಿ. ಉಪ್ಪು ಗಾಳಿಗೆ ಬರೀ ತಾಮ್ರ ಹಸಿರಾಗುತ್ತದೆ.

ಇನ್ನೊಂದು ವಿಷಯ, ಬೆಸುಗೆ. ಊರಿನಲ್ಲಿ ಕಲಿತವರಿಗೆ ಸೋಲ್ಡರಿಂಗ್ ಮೇಲೆ ತುಂಬಾ ನಂಬಿಕೆ, ಅಲ್ವಾ? ಆದರೆ ಇಲ್ಲಿನ ಮಣ್ಣುರಸ್ತೆಗಳಲ್ಲಿ ಅಲೆಅಲೆಯಾಗಿ ಏಳುವ ಉಬ್ಬುಗಳ ಮೇಲೆ ಟ್ರೈಲರ್ ಗಂಟೆಗಟ್ಟಲೆ ನಡುಗುತ್ತದೆ. ಬೆಸುಗೆ ಹೀರಿಕೊಂಡ ಎಳೆಗಳು ಗಟ್ಟಿಯಾಗುತ್ತವೆ. ಆ ಗಟ್ಟಿ ಜಾಗ ಮುಗಿಯುವಲ್ಲೇ ಮುರಿಯುತ್ತವೆ. ಹೈಡ್ರಾಲಿಕ್ ಕ್ರಿಂಪರ್‌ನಿಂದ ಕೇಬಲ್ ತುದಿಗೆ ಲಗ್ (ಬೋಲ್ಟ್ ಹಾಕುವ ಲೋಹದ ತುದಿ) ಒತ್ತಿ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿದ ನನ್ನ ಜೋಡಣೆಗಳು ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ರೇಂಜಸ್ ಬೆಟ್ಟಗಳ ವರೆಗೂ ಹೋಗಿ ಬಂದಿವೆ. ಒಂದೂ ಬಿಟ್ಟುಕೊಂಡಿಲ್ಲ.

ಚಾರ್ಜರ್ ಬಗ್ಗೆ ನನಗೆ ಪೂರ್ತಿ ಸಮಾಧಾನ ಇದೆ. ಫ್ಯಾನ್ ಇಲ್ಲ, ಸದ್ದಿಲ್ಲ. ಕಾರು ಮತ್ತು ಸೋಲಾರ್ ಎರಡನ್ನೂ ಅದೇ ನೋಡಿಕೊಳ್ಳುತ್ತದೆ, ಬಿಸಿಲಿದ್ದರೆ ಸೋಲಾರ್‌ನಿಂದಲೇ ಮೊದಲು ತಗೊಳ್ಳುತ್ತದೆ. ಈಗಿನ ಎಷ್ಟೋ ಕಾರುಗಳ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಕೊಡುವ ಯಂತ್ರ) ತಾನಾಗಿಯೇ ವೋಲ್ಟೇಜ್ ಇಳಿಸುತ್ತದೆ. ಅಂಥ ಕಾರಾದರೆ ಚಾರ್ಜರ್‌ನ ನೀಲಿ ವೈರನ್ನು ಇಗ್ನಿಷನ್‌ಗೆ ಕೊಡಬೇಕು. ಅದಕ್ಕೆ ಟ್ರೈಲರ್ ವರೆಗೆ ಇನ್ನೊಂದು ಸಣ್ಣ ವೈರ್ ಎಳೆಯಬೇಕಾಗುತ್ತದೆ. ಗ್ರಾಂಪಿಯನ್ಸ್‌ನ ಹಾಲ್ಸ್ ಗ್ಯಾಪ್‌ಗೆ ಮೆಲ್ಬರ್ನ್‌ನಿಂದ ಸುಮಾರು ಮೂರು ಗಂಟೆ. ಅಷ್ಟರಲ್ಲಿ 75 ಆಂಪ್-ಅವರ್ ವರೆಗೆ ತುಂಬಬಹುದು. ಎರಡು ರಾತ್ರಿ ಫ್ರಿಜ್‌ಗೆ ಸಾಕು.

ಸ್ಮಾರ್ಟ್‌ಶಂಟ್ ಇಲ್ಲದೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಈ ಜಾತಿಯ ಬ್ಯಾಟರಿಯಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ. ಶಂಟ್ ಒಳಗೆ ಬಂದಿದ್ದು, ಹೊರಗೆ ಹೋಗಿದ್ದು ಎರಡನ್ನೂ ಎಣಿಸುತ್ತದೆ. ಒಂದೇ ಷರತ್ತು: ಬ್ಯಾಟರಿಯ ನೆಗೆಟಿವ್‌ಗೆ ಅದೊಂದನ್ನು ಬಿಟ್ಟು ಬೇರೆ ಏನನ್ನೂ ನೇರ ಹಾಕಬಾರದು.

ಅದು ಹೇಳಿಕೊಟ್ಟ ಲೆಕ್ಕ ನನ್ನ ಹೆಂಡತಿಗೆ ಬಹಳ ಖುಷಿ ಕೊಟ್ಟಿತು. ಊರಿಂದ ತಂದ 550 ವಾಟ್ ಮಿಕ್ಸಿ ಇನ್ವರ್ಟರ್ ಮೇಲೆ ತಿರುಗುವಾಗ ಸುಮಾರು 50 ಆಂಪ್ ಎಳೆಯುತ್ತದೆ. ನೋಡಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಕಾಯಿ ಚಟ್ನಿಗೆ ಎರಡು ನಿಮಿಷ ಸಾಕು, ಅಂದರೆ 2 ಆಂಪ್-ಅವರ್ ಕೂಡ ಖರ್ಚಾಗಲ್ಲ. ಬ್ಯಾಟರಿಯನ್ನು ನಿಜವಾಗಿ ತಿನ್ನೋದು ಹಗಲು ರಾತ್ರಿ ಓಡುವ ಫ್ರಿಜ್. ನಮ್ಮ ಬ್ಯಾಟರಿಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಮಿತಿ 100 ಆಂಪ್. ಹಾಗಾಗಿ 2000 ವಾಟ್ ಕೆಟಲ್ ಮಾತ್ರ ಆಗಲ್ಲ. ಕಾಫಿಗೆ ಗ್ಯಾಸ್ ಇದೆ.

ಚಳಿಗಾಲದಲ್ಲಿ ಒಂದು ಎಚ್ಚರ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿ ಚಾರ್ಜ್ ಮಾಡಬಾರದು. ನಮ್ಮದರಲ್ಲಿ ಬಿಎಂಎಸ್ ತಾನೇ ತಡೆಯುತ್ತದೆ. ಕೊಳ್ಳುವಾಗ ಆ ರಕ್ಷಣೆ ಇದೆಯಾ ಅಂತ ಕೇಳಿ. ಮರದ ನೆರಳಲ್ಲಿ ಸೋಲಾರ್ ಏನೂ ಕೊಡಲ್ಲ, ಪ್ಯಾನೆಲ್‌ಗೆ ಉದ್ದ ವೈರ್ ಇಟ್ಟುಕೊಂಡು ಬಿಸಿಲಿಗೆ ಎಳೆಯಬೇಕು.

ಹೊಸದಾಗಿ ಕಟ್ಟುವವರು ಇಂಥ ಗಾಡಿಗಳ ವೈರಿಂಗ್‌ಗೆ ಇರುವ ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ 2022ರ ಎಎಸ್/ಎನ್‌ಝಡ್‌ಎಸ್ 3001.2 ನಿಯಮ ಓದಿಕೊಳ್ಳಿ. ಲಿಥಿಯಂ ಬ್ಯಾಟರಿ ಮಲಗುವ ಜಾಗದಿಂದ ಬೇರೆಯಾಗಿರಬೇಕು. ನಮ್ಮದು ಮುಂದಿನ ಡ್ರಾಬಾರ್ (ಕಾರಿಗೆ ಸಿಕ್ಕಿಸುವ ಕಂಬಿ) ಮೇಲಿನ ಟೂಲ್‌ಬಾಕ್ಸ್‌ನಲ್ಲಿದೆ. 240 ವೋಲ್ಟ್ ಫಿಕ್ಸೆಡ್ ವೈರಿಂಗ್ ಬೇಕಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಇಲ್ಲಿ ಕಾನೂನು ಹಾಗಿದೆ. ಮಿಕ್ಕಿದ್ದನ್ನು ಧೈರ್ಯವಾಗಿ ನೀವೇ ಮಾಡಬಹುದು. ಕೇಬಲ್ ಕೊಳ್ಳುವಾಗ ಮಾತ್ರ ರೋಲ್ ಮೇಲೆ ಚದರ ಎಂಎಂ ಎಷ್ಟು ಅಂತ ಓದಿ. ಬರೆದಿಲ್ಲ ಅಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.