ವಾಚ್ ಡ್ಯೂಟಿ ಆ್ಯಪ್: ಕಾಡ್ಗಿಚ್ಚಿನ ಕಾಲದಲ್ಲಿ ಕ್ಯಾಲಿಫೋರ್ನಿಯಾ ರೋಡ್ ಟ್ರಿಪ್ ಹೊರಡುವವರಿಗೆ

ಬೇ ಏರಿಯಾದ ಕನ್ನಡದ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಯೋಸೆಮಿಟಿ, ಲೇಕ್ ಟಾಹೋ, ಲ್ಯಾಸೆನ್ ಎಂದು ಕಾರು ಹತ್ತುವುದೂ ಆಗಲೇ, ಸಿಯೆರಾ ಬೆಟ್ಟಗಳಲ್ಲಿ ಕಾಡು ಹೊತ್ತಿಕೊಳ್ಳುವುದೂ ಆಗಲೇ. ಹೋಗೋದೋ ಬಿಡೋದೋ ಎಂದು ತೀರ್ಮಾನಿಸಲು ಈಗ ಬಹಳ ಜನ ಮೊದಲು ತೆರೆಯುವುದು ವಾಚ್ ಡ್ಯೂಟಿ. ಬೆಂಕಿ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಚುರುಕಾದ ಆ್ಯಪ್ ಸದ್ಯಕ್ಕಿಲ್ಲ. ಆದರೆ ದಾರಿ ತೆರೆದಿದೆಯೇ ಎಂಬುದಕ್ಕೆ ಇದೊಂದನ್ನೇ ನಂಬಿ ಹೊರಟರೆ ಕೆಟ್ಟಿರಿ.

2021ರಲ್ಲಿ ಸೊನೋಮಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಶುರುವಾದ ಇದು ಲಾಭಕ್ಕೆ ನಡೆಯುವ ಕಂಪನಿಯಲ್ಲ. ನಿವೃತ್ತ ಅಗ್ನಿಶಾಮಕರು, ತುರ್ತು ಕರೆ ನಿಭಾಯಿಸುವ ಡಿಸ್ಪ್ಯಾಚರ್‌ಗಳು, ಅಗ್ನಿಶಾಮಕ ದಳದ ರೇಡಿಯೋಗೆ ಕಿವಿಗೊಟ್ಟು ಕೂರುವ ಸ್ವಯಂಸೇವಕರು ಸೇರಿ ಸುದ್ದಿ ಹಾಕುತ್ತಾರೆ. ಹಾಗಾಗಿ ಸರ್ಕಾರಿ ಪುಟದಲ್ಲಿ ಒಂದು ಸಾಲು ಬರುವ ಮೊದಲೇ ಇಲ್ಲಿ 'ಇಂಥ ರಸ್ತೆಯ ಪಕ್ಕ ಹೊಗೆ, ಗಾಳಿ ಜೋರು, ವಿಮಾನ ಕರೆಸಿದ್ದಾರೆ' ಎಂಬ ಮಟ್ಟದ ವಿವರ ಬಂದಿರುತ್ತದೆ. ಜಾಹೀರಾತಿಲ್ಲ, ಲಾಗಿನ್ ಆಗಲೇಬೇಕೆಂಬ ಒತ್ತಾಯವೂ ಇಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಊರಿಗೆ ಊರೇ ಇದನ್ನು ಇಳಿಸಿಕೊಂಡಿತು.

ಪ್ರವಾಸಿಗರು ಎಡವುವುದು ಸೆಟ್ಟಿಂಗ್‌ನಲ್ಲಿ. ಎಚ್ಚರಿಕೆ ಬರುವುದು ಕೌಂಟಿ ಲೆಕ್ಕದಲ್ಲಿ, ನಿಮ್ಮ ರೂಟ್ ಲೆಕ್ಕದಲ್ಲಲ್ಲ. ಸ್ಯಾನ್ ಹೋಸೆಯಲ್ಲಿ ಕೂತು ಸಾಂಟಾ ಕ್ಲಾರಾ ಕೌಂಟಿಯನ್ನಷ್ಟೇ ಆನ್ ಮಾಡಿದ್ದರೆ ಯೋಸೆಮಿಟಿ ಪಕ್ಕ ಬೆಂಕಿ ಬಿದ್ದರೂ ಫೋನ್ ಸುಮ್ಮನಿರುತ್ತದೆ. ಹೈವೇ 120ರಲ್ಲಿ ಯೋಸೆಮಿಟಿಗೆ ಹೋಗುವವರು ಟ್ವಾಲಮಿ ಮತ್ತು ಮಾರಿಪೋಸಾ ಆರಿಸಿಕೊಳ್ಳಬೇಕು, ಟಯೋಗಾ ಪಾಸ್ ದಾಟುವವರು ಮೋನೋ ಕೂಡ. ಟಾಹೋಗೆ ಹೈವೇ 50 ಹಿಡಿದರೆ ಎಲ್ ಡೊರಾಡೋ, ಐ-80 ಹಿಡಿದರೆ ಪ್ಲೇಸರ್ ಮತ್ತು ನೆವಾಡಾ ಕೌಂಟಿ. ಪಕ್ಕದ ಕೌಂಟಿಯನ್ನೂ ಬಿಡಬೇಡಿ. 2024ರ ಜುಲೈನಲ್ಲಿ 'ಪಾರ್ಕ್ ಫೈರ್' ಎಂಬ ಕಾಡ್ಗಿಚ್ಚು ಹೊತ್ತಿಕೊಂಡದ್ದು ಬ್ಯೂಟ್ ಕೌಂಟಿಯ ಚಿಕೋದಲ್ಲಿ. ಅದು ಉತ್ತರಕ್ಕೆ ನುಗ್ಗಿ 4,29,000 ಎಕರೆಗೂ ಹೆಚ್ಚು ಸುಟ್ಟಿತು. ಲ್ಯಾಸೆನ್ ನ್ಯಾಷನಲ್ ಪಾರ್ಕ್‌ಗೇ ಬೀಗ ಬಿತ್ತು. ಲ್ಯಾಸೆನ್‌ಗೆಂದು ಶಾಸ್ತಾ ಕೌಂಟಿಯನ್ನಷ್ಟೇ ಆರಿಸಿಕೊಂಡಿದ್ದವರಿಗೆ ಮೊದಲ ಸುಳಿವೇ ಸಿಗುತ್ತಿರಲಿಲ್ಲ.

ಇನ್ನು ಮ್ಯಾಪ್ ಓದುವುದು. ಉಪಗ್ರಹದ ಚುಕ್ಕೆಗಳನ್ನು ನೋಡಿ ಗಾಬರಿಯಾಗುವವರೇ ಹೆಚ್ಚು. ವಿಐಐಆರ್‌ಎಸ್ ಎಂಬ ಸೆನ್ಸರ್‌ನ ಒಂದು ಚುಕ್ಕೆ ಎಂದರೆ ಸುಮಾರು 375 ಮೀಟರ್ ಅಗಲದ ಜಾಗದಲ್ಲಿ ಎಲ್ಲೋ ಶಾಖ ಕಂಡಿದೆ ಎಂದಷ್ಟೇ. ಉಪಗ್ರಹ ಹಾದುಹೋಗುವುದು ದಿನಕ್ಕೆ ಕೆಲವೇ ಸಲ, ಹಾಗಾಗಿ ಚುಕ್ಕೆಗೆ ಗಂಟೆಗಟ್ಟಲೆ ವಯಸ್ಸಾಗಿರಬಹುದು. ಬೆಂಕಿಯ ಸುತ್ತ ಎಳೆದ ಗಡಿಯೂ ಹಾಗೆಯೇ. ದೊಡ್ಡ ಬೆಂಕಿಗಳನ್ನು ಬಹುಮಟ್ಟಿಗೆ ರಾತ್ರಿ ಇನ್‌ಫ್ರಾರೆಡ್ ವಿಮಾನ ಹಾರಿಸಿ ಅಳೆಯುವುದರಿಂದ, ಮಧ್ಯಾಹ್ನ ನೀವು ನೋಡುವ ಗಡಿ ನಿನ್ನೆ ರಾತ್ರಿಯದಾಗಿರಬಹುದು. ಗಾಳಿ ಏಳುವುದು ಮಧ್ಯಾಹ್ನವೇ. '40% ಕಂಟೈನ್ಡ್' ಎಂದರೆ 40% ಆರಿದೆ ಎಂದಲ್ಲ, ಸುತ್ತಳತೆಯಲ್ಲಿ ಅಷ್ಟು ಭಾಗಕ್ಕೆ ತಡೆ ಗಟ್ಟಿಯಾಗಿದೆ ಎಂದು. ಮಿಕ್ಕ 60% ನಿಮ್ಮ ಹೈವೇ ಕಡೆಗಿದೆಯೇ ಎಂದು ನೋಡಿ. ಗಾಳಿಯ ದಿಕ್ಕಿನಲ್ಲೂ ಎಚ್ಚರ: ಹವಾಮಾನ ಇಲಾಖೆ ವಾಯವ್ಯ ಗಾಳಿ ಎಂದರೆ ಅದು ವಾಯವ್ಯದಿಂದ ಬರುವ ಗಾಳಿ, ಹೊಗೆ ಹೋಗುವುದು ಆಗ್ನೇಯಕ್ಕೆ.

ರಸ್ತೆಯ ವಿಷಯದಲ್ಲಿ ಆ್ಯಪ್ ಸೋಲುತ್ತದೆ. ಹೈವೇ ಮುಚ್ಚಿದ ಸುದ್ದಿ ಬರೆದ ಅಪ್‌ಡೇಟ್‌ಗಳ ನಡುವೆ ಎಲ್ಲೋ ಹುದುಗಿರುತ್ತದೆ, ಮತ್ತೆ ತೆರೆದದ್ದು ತಡವಾಗಿ ಗೊತ್ತಾಗಬಹುದು. ಅದಕ್ಕೆ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಆ್ಯಪ್ ಜೊತೆಗಿರಲೇಬೇಕು. ಅದರಲ್ಲಿ 'ಫುಲ್ ಕ್ಲೋಷರ್' ಆನ್ ಮಾಡಿ, ದಾರಿಯ ಕ್ಯಾಮೆರಾಗಳನ್ನು ನೋಡಿ. ಎದುರಿನ ಗುಡ್ಡವೇ ಕಾಣದಿದ್ದರೆ ಬೇರೆ ವಿವರಣೆ ಬೇಕಾಗಿಲ್ಲ. ಬೆಟ್ಟದ ಮೇಲೆ ಡೇಟಾ ಸಿಗುವುದಿಲ್ಲ, ಆಗ ಎರಡೂ ಆ್ಯಪ್ ನಿಷ್ಪ್ರಯೋಜಕ. ಕ್ಯಾಲ್‌ಟ್ರಾನ್ಸ್‌ನ 800-427-7623ಕ್ಕೆ ಕರೆ ಮಾಡಿ ಹೈವೇ ನಂಬರ್ ಕೊಟ್ಟರೆ ಸ್ಥಿತಿ ಹೇಳುತ್ತದೆ, ಬರೆದಿಟ್ಟುಕೊಳ್ಳಿ. ದಾರಿ ತೋರಿಸುವ ಆ್ಯಪ್‌ಗಳು ಖಾಲಿ ರಸ್ತೆ ಹುಡುಕುತ್ತವೆ. ಬೆಂಕಿಯ ದಿನ ರಸ್ತೆ ಖಾಲಿಯಿರುವುದು ಜನರನ್ನು ಅಲ್ಲಿಂದ ಎಬ್ಬಿಸಿರುವುದರಿಂದ. ಹೈವೇ ಬಿಟ್ಟು ಫಾರೆಸ್ಟ್ ರಸ್ತೆಗೆ ತಿರುಗಿ ಎಂದರೆ ತಿರುಗಬೇಡಿ.

ಬೆಂಕಿ ದೂರವಿದ್ದರೂ ಟ್ರಿಪ್ ಕೆಡಬಹುದು. 2018ರ ಫರ್ಗ್ಯುಸನ್ ಫೈರ್‌ನಲ್ಲಿ ಯೋಸೆಮಿಟಿ ಕಣಿವೆಯ ತಳಕ್ಕೆ ಬೆಂಕಿ ಬರಲೇ ಇಲ್ಲ. ಆದರೂ ಹೊಗೆ ಮತ್ತು ಅಗ್ನಿಶಾಮಕ ಕೆಲಸದಿಂದಾಗಿ ಜುಲೈ 25ರಿಂದ ಆಗಸ್ಟ್ 14ರವರೆಗೆ ಕಣಿವೆ ಮುಚ್ಚಿತ್ತು. ವಾಚ್ ಡ್ಯೂಟಿಯಲ್ಲಿ ಗಾಳಿಯ ಗುಣಮಟ್ಟದ ಪದರವಿದೆ, ಆದರೆ ಹೊಗೆಗೆ ಸರ್ಕಾರಿ ತಾಣ ಏರ್‌ನೌನ 'ಫೈರ್ ಆ್ಯಂಡ್ ಸ್ಮೋಕ್' ಮ್ಯಾಪ್ ಮೇಲು. ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 100 ದಾಟಿದರೆ ವಯಸ್ಸಾದವರು, ಮಕ್ಕಳು, ಅಸ್ತಮಾ ಇರುವವರಿಗೆ ತೊಂದರೆ. 150 ದಾಟಿದರೆ ಯಾರಿಗೂ ಟ್ರೆಕ್ ಬೇಡ. ಕಣಿವೆಗಳಲ್ಲಿ ತಣ್ಣನೆಯ ಗಾಳಿಯಡಿ ಹೊಗೆ ಬೆಳಿಗ್ಗೆ ಕೂತಿರುತ್ತದೆ, ಬಿಸಿಲೇರಿದ ಮೇಲೆ ಎದ್ದು ತೆಳುವಾಗಬಹುದು. ಹಾಗಾಗಿ ಬೆಳಿಗ್ಗೆ ಏಳರ ಒಂದೇ ಸಂಖ್ಯೆ ನೋಡಿ ರದ್ದು ಮಾಡಬೇಡಿ, ಹಿಂದಿನ ದಿನವಿಡೀ ಹೇಗೆ ಏರಿಳಿಯಿತು ನೋಡಿ. ಕಾರಿನಲ್ಲಿ ಎಸಿಯನ್ನು ರೀಸರ್ಕ್ಯುಲೇಷನ್‌ಗೆ ಹಾಕಿ, ಎನ್95 ಮಾಸ್ಕ್ ಇಟ್ಟುಕೊಳ್ಳಿ; ಬಟ್ಟೆಯ ಮಾಸ್ಕ್ ಈ ಹೊಗೆಗೆ ಏನೇನೂ ಸಾಲದು.

ಆ್ಯಪ್‌ನ ಕೆಂಪು ಗೆರೆಗಳಲ್ಲಿ ಕಾಣದ ಇನ್ನೊಂದು ಸಂಗತಿಯಿದೆ: ಕಾಡು ಮುಚ್ಚುವ ಆದೇಶ. 2021ರ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಷನಲ್ ಫಾರೆಸ್ಟ್‌ಗಳನ್ನು ಸುಮಾರು ಎರಡು ವಾರ ಮುಚ್ಚಿದ್ದರು. ಹೈವೇ ತೆರೆದಿರುತ್ತದೆ, ಟ್ರೇಲ್ ಮತ್ತು ಕ್ಯಾಂಪ್ ಇರುವುದಿಲ್ಲ. ಆಯಾ ಫಾರೆಸ್ಟ್‌ನ ಅಲರ್ಟ್ ಪುಟ ನೋಡಿಯೇ ಹೊರಡಿ. ಸರ್ಕಾರಿ ಬುಕಿಂಗ್ ತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕ್ ಮಾಡಿದ ಕ್ಯಾಂಪನ್ನು ಅಧಿಕಾರಿಗಳೇ ಮುಚ್ಚಿದರೆ ಹಣ ವಾಪಸ್ ಬರುತ್ತದೆ. ನೀವೇ ಆತುರದಲ್ಲಿ ಮೊದಲು ರದ್ದು ಮಾಡಿದರೆ ಶುಲ್ಕ ಕಡಿತ. ಖಾಸಗಿ ಬಾಡಿಗೆ ಮನೆಗಳವರು ಬರೀ ಹೊಗೆ ಎಂದರೆ ಹಣ ವಾಪಸ್ ಕೊಡಲು ಒಪ್ಪುವುದು ಕಷ್ಟ. ತೆರವಿನ ಆದೇಶ ಬಂದಾಗ ವಾಚ್ ಡ್ಯೂಟಿಯ ಝೋನ್ ಮ್ಯಾಪ್‌ನ ಸ್ಕ್ರೀನ್‌ಶಾಟ್ ತೆಗೆದು ಅವರಿಗೆ ಕಳಿಸಿ. ಅದರಲ್ಲಿ 'ವಾರ್ನಿಂಗ್' ಎಂದರೆ ಗಂಟುಮೂಟೆ ಕಟ್ಟಿ, ಮಕ್ಕಳು-ವೃದ್ಧರಿದ್ದರೆ ಆಗಲೇ ಹೊರಡಿ; 'ಆರ್ಡರ್' ಎಂದರೆ ತಕ್ಷಣ ಹೊರಡಿ.

ವರ್ಷಕ್ಕೆ ಸುಮಾರು 25 ಡಾಲರ್ ಕೊಟ್ಟರೆ ನೀರು ಸುರಿಯುವ ವಿಮಾನಗಳ ಹಾರಾಟವನ್ನೂ ನೋಡಬಹುದು. ಟ್ರಿಪ್‌ಗೆ ಅದು ಬೇಡ, ಉಚಿತ ಆವೃತ್ತಿ ಸಾಕು. ಬೆಟ್ಟದ ಕಡೆ ಮನೆ ಮಾಡಿರುವವರು ಮಾತ್ರ ಕೊಡಲಿ, ಸಂಸ್ಥೆ ನಡೆಯುವುದೇ ಅದರಿಂದ ಮತ್ತು ದೇಣಿಗೆಗಳಿಂದ. ಪೆಟ್ರೋಲ್ ಮಾತ್ರ ಅರ್ಧ ಟ್ಯಾಂಕ್‌ಗಿಂತ ಕೆಳಗಿಳಿಯಲು ಬಿಡಬೇಡಿ, ಎಲೆಕ್ಟ್ರಿಕ್ ಕಾರಿನವರು ಬೆಟ್ಟ ಹತ್ತುವ ಮೊದಲೇ ಚಾರ್ಜ್ ತುಂಬಿಸಿ: ಗಾಳಿ ಜೋರಾದ ದಿನ ಮುನ್ನೆಚ್ಚರಿಕೆಗೆಂದು ಕರೆಂಟ್ ತೆಗೆಯುತ್ತಾರೆ, ಪಂಪೂ ನಿಲ್ಲುತ್ತದೆ, ಚಾರ್ಜರ್ರೂ ನಿಲ್ಲುತ್ತದೆ.