ಕಾಫಿ, ಕಿರುನಿದ್ದೆ, ಬೆಳಗಿನ ಜಾವ: ಕಾಲೇಜಿನಿಂದ ಬಂದ ಮೇಲೆ ಓದಲು ಯಾವುದು ಸರಿ?

ನಮ್ಮೂರು ತಿಪಟೂರಿನ ಕಡೆ. ಸೆಕೆಂಡ್ ಪಿಯುಸಿ ಸೈನ್ಸ್ ಅಂದಮೇಲೆ ಬೆಳಿಗ್ಗೆ ಎಂಟರ ಬಸ್ಸು ಹಿಡಿಯಬೇಕು. ಸಂಜೆ ನಿಂತುಕೊಂಡೇ ವಾಪಸ್ ಬಂದು ಮನೆ ಸೇರುವಾಗ ಐದೂಕಾಲು. ಆಮೇಲೆ ಲ್ಯಾಬ್ ರೆಕಾರ್ಡು, ಕೆಮಿಸ್ಟ್ರಿ ಲೆಕ್ಕಗಳು, ಮರುದಿನದ ಟೆಸ್ಟು. ಪುಸ್ತಕ ತೆರೆದರೆ ಕಣ್ಣು ಎಳೆಯುತ್ತದೆ. ಹತ್ತನೇ ಕ್ಲಾಸಿನಿಂದಲೂ ಇದಕ್ಕೆ ಯಾರು ಏನು ಹೇಳಿದರೂ ವಾರಗಟ್ಟಲೆ ಮಾಡಿ ನೋಡಿದ್ದೇನೆ. ನನ್ನ ಮಟ್ಟಿಗೆ ಗೆದ್ದದ್ದು ಸಂಜೆಯ ಇಪ್ಪತ್ತು ನಿಮಿಷದ ನಿದ್ದೆ.

ಮೊದಲು ಕಾಫಿ, ಯಾಕೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಅದಕ್ಕೇ. ನಮ್ಮನೆ ಡಿಕಾಕ್ಷನ್ ಗಟ್ಟಿ, ಕುಡಿದ ಅರ್ಧ ಗಂಟೆಯೊಳಗೆ ಕಣ್ಣು ಬಿಡುತ್ತದೆ ನಿಜ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ, ಜೋಂಪು ಬರುವುದು ಅದರಿಂದ. ಕೆಫೀನ್ ಅದನ್ನು ಕರಗಿಸುವುದಿಲ್ಲ, ಅದು ಬಂದು ಕೂರುವ ಜಾಗದಲ್ಲಿ ತಾನು ಕೂರುತ್ತದೆ ಅಷ್ಟೇ. ಕುಡಿದ ಕೆಫೀನಿನಲ್ಲಿ ಅರ್ಧ ಕಳೆಯುವುದಕ್ಕೇ ಸುಮಾರು 5 ಗಂಟೆ ಬೇಕು. ಆರಕ್ಕೆ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ನನಗೆ ಸಂಜೆಯ ಕಾಫಿ ಅದರಲ್ಲೇ ಒಂದು ಗಂಟೆ ತಿನ್ನುತ್ತಿತ್ತು. ಮರುದಿನ ಮೊದಲ ಪೀರಿಯಡ್ಡಿನಲ್ಲೇ ಆಕಳಿಕೆ, ಸಂಜೆ ಇನ್ನೂ ಗಟ್ಟಿ ಕಾಫಿ ಬೇಕು.

ಎನರ್ಜಿ ಡ್ರಿಂಕನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ. ಕ್ಯಾನಿನ ಮೇಲೆಯೇ ಮಕ್ಕಳಿಗೆ ತಕ್ಕದ್ದಲ್ಲ ಎಂದು ಮುದ್ರಿಸಿರುತ್ತಾರೆ, ಅದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಬಸ್ ಸ್ಟ್ಯಾಂಡಿನಲ್ಲಿ ಯೂನಿಫಾರ್ಮ್ ಹಾಕಿಕೊಂಡೇ ಅದನ್ನು ಕುಡಿಯುವ ಹುಡುಗರನ್ನು ಕಂಡರೆ ಸಂಕಟವಾಗುತ್ತದೆ.

ಈಗ ನಿದ್ದೆಯ ವಿಷಯ. ಬಂದ ತಕ್ಷಣ ಕೈಕಾಲು ತೊಳೆದು, ಒಂದು ಬಟ್ಟಲು ಮಂಡಕ್ಕಿಯೋ ಅವಲಕ್ಕಿಯೋ ತಿಂದು, ನಡುಮನೆಯಲ್ಲಿ ಚಾಪೆ ಹಾಕಿ ಮಲಗುತ್ತೇನೆ. ಮಂಚದ ಮೇಲೆ ಮಲಗಬಾರದು, ಹಾಸಿಗೆ ಬಿಡುವುದೇ ಇಲ್ಲ. ಅಲಾರಂ ಇಪ್ಪತ್ತು ನಿಮಿಷಕ್ಕೆ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿದಿರುತ್ತೇವೆ, ಅಲ್ಲಿಂದ ಎಬ್ಬಿಸಿದರೆ ತಲೆ ಭಾರ, ಮಂಪರು, ಸಿಡುಕು. ಇಪ್ಪತ್ತು ನಿಮಿಷಕ್ಕೇ ಎದ್ದರೆ ಆ ತೊಂದರೆ ಇಲ್ಲ. ನಿದ್ದೆ ಹತ್ತದಿದ್ದರೂ ಸುಮ್ಮನೆ ಕಣ್ಣು ಮುಚ್ಚಿ ಮಲಗಿರುವುದೇ ಸಾಕಾಗುತ್ತದೆ.

ಇದಕ್ಕೆ ನಮ್ಮನೆಯಲ್ಲಿ ಅಡ್ಡ ಬಂದವರು ಅಜ್ಜಿ. ದೀಪ ಹಚ್ಚುವ ಹೊತ್ತಲ್ಲಿ ಹೆಣ್ಣುಮಕ್ಕಳು ಮಲಗಿದರೆ ಮನೆಗೆ ಲಕ್ಷ್ಮಿ ಬರುವುದಿಲ್ಲ ಎನ್ನುವುದು ಅವರ ಮಾತು. ಅವರ ಜೊತೆ ವಾದ ಮಾಡಲಿಲ್ಲ, ಹೊತ್ತನ್ನೇ ಹೊಂದಿಸಿಕೊಂಡೆ. ಆರರೊಳಗೆ ಮಲಗಿ ಎದ್ದಿರುತ್ತೇನೆ, ದೀಪ ಆರೂವರೆಗೆ. ಈಗ ಎಬ್ಬಿಸುವವರೂ ಅವರೇ: ‘ಏಳವ್ವ, ಹೊತ್ತಾಯ್ತು, ಮುಖ ತೊಳ್ಕೊ.’ ಅಲಾರಂ ಆದರೆ ಮತ್ತೆ ಒತ್ತಿ ಮಲಗಬಹುದು, ಅಜ್ಜಿಯ ಮುಂದೆ ಅದು ನಡೆಯುವುದಿಲ್ಲ.

ವ್ಯತ್ಯಾಸ ನನ್ನ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ. ಮಲಗದೆ ಕೂತ ದಿನ ಗಾಸ್ ನಿಯಮದ ಡಿರೈವೇಶನ್ ಬರೆದಿದ್ದರೆ ಮೊದಲೆರಡು ಸಾಲು ನೇರ, ಮೂರನೆಯದು ಕೆಳಗೆ ಜಾರಿರುತ್ತದೆ, ನಾಲ್ಕನೆಯದರಲ್ಲಿ ಪೆನ್ನು ಗೀಟಾಗಿ ಅಂಚಿನವರೆಗೆ ಹೋಗಿರುತ್ತದೆ. ಮಲಗಿ ಎದ್ದ ದಿನದ ಪುಟ ಕೊನೆಯವರೆಗೂ ಒಂದೇ ಸಮ.

ಬೆಳಗಿನ ಜಾವ ನಾಲ್ಕಕ್ಕೆ ಏಳುವುದನ್ನು ಮೇಷ್ಟ್ರುಗಳೆಲ್ಲ ಹೇಳುತ್ತಾರೆ. ಗಲಾಟೆ ಇಲ್ಲ, ಮೊಬೈಲ್ ಇಲ್ಲ, ಓದಿದ್ದು ತಲೆಗೆ ಹತ್ತುತ್ತದೆ ಎನ್ನುವುದು ನನಗೂ ನಿಜ ಅನ್ನಿಸಿದೆ. ಆದರೆ ಅದು ರಾತ್ರಿ ಒಂಬತ್ತಕ್ಕೆ ಮಲಗುವವರ ದಾರಿ. ಹರೆಯದಲ್ಲಿ ಮೈಯ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ನಿದ್ದೆ ಬರುವುದು ತಡ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಸಿಗುವುದು ಐದೇ ಗಂಟೆ. ಬಾಯಿಪಾಠದ ವಿಷಯಗಳಿಗೆ, ಪರೀಕ್ಷೆಯ ಹಿಂದಿನ ವಾರಗಳಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ, ಆಗಲೂ ಐದಕ್ಕೆ ಏಳುತ್ತೇನೆ.

ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮವನ್ನು ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ತಾನಿನ್ನೂ ವಿದ್ಯಾರ್ಥಿಯಾಗಿದ್ದಾಗ ರೂಢಿಸಿಕೊಂಡ. ಮನಸ್ಸು ಅಲೆದಾಡುವುದಕ್ಕೆ ಅದು ಒಳ್ಳೆಯ ಮದ್ದು, ತೂಕಡಿಕೆಗೆ ಅಲ್ಲ. ಲೆಕ್ಕಗಳಿಗಂತೂ ಹೊಂದುವುದಿಲ್ಲ, ಸಮಸ್ಯೆಯ ಮಧ್ಯದಲ್ಲಿ ಗಂಟೆ ಹೊಡೆದರೆ ಎದ್ದು ಹೋಗುವುದು ಹೇಗೆ? ರೆಕಾರ್ಡ್ ಬರೆಯುವಾಗ ಬಳಸುತ್ತೇನೆ.

ಇವೆಲ್ಲಕ್ಕಿಂತ ನಾನು ಒತ್ತಿ ಹೇಳಬೇಕೆಂದಿರುವುದು, ಎದ್ದ ಮೇಲೆ ಮೊದಲು ಏನು ಹಿಡಿಯುತ್ತೀರಿ ಎನ್ನುವುದು. ಬಯಾಲಜಿ ಟೆಕ್ಸ್ಟ್ ಹಿಡಿದು ಕಣ್ಣಾಡಿಸಿದರೆ ಯಾವ ನಿದ್ದೆಯೂ ಕಾಪಾಡುವುದಿಲ್ಲ. ಮೊದಲು ಲೆಕ್ಕ, ಆಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯುವುದು. ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು 2006ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ, ಒಮ್ಮೆ ಓದಿ ನೆನಪಿನಿಂದ ಬರೆದವರು ಮುಂದೆ ಬಂದಿದ್ದರು. ಕೈ ಓಡುತ್ತಿರುವಾಗ ತೂಕಡಿಸುವುದೂ ಕಷ್ಟ.

ಟ್ಯೂಷನ್ ಮುಗಿಸಿ ಏಳರ ನಂತರ ಮನೆ ಸೇರುವವರಿಗೆ ಈ ನಿದ್ದೆ ಹೇಳುವುದಿಲ್ಲ, ರಾತ್ರಿಯ ನಿದ್ದೆಯೇ ಕೆಡುತ್ತದೆ. ಅವರು ಸ್ನಾನ ಮಾಡಿ, ಹೊಟ್ಟೆ ಬಿರಿಯುವಂತೆ ಉಣ್ಣದೆ, ಒಂದೂವರೆ ಗಂಟೆ ಲೆಕ್ಕ ಮತ್ತು ಬರೆಯುವ ಕೆಲಸ ಮಾತ್ರ ಮುಗಿಸಿ ಹತ್ತರೊಳಗೆ ಮಲಗಲಿ. ಓದುವ ಪಾಠಗಳನ್ನು ಬೆಳಿಗ್ಗೆ ಐದೂವರೆಗೆ ಇಟ್ಟುಕೊಳ್ಳಲಿ. ನನ್ನ ಗೆಳತಿಯರಲ್ಲಿ ಟ್ಯೂಷನ್ನಿಗೆ ಹೋಗುವವರು ಹೀಗೇ ಮಾಡುತ್ತಿದ್ದಾರೆ.